ಅರ್ಧ ಮೈದಾನ

ಜುಲೈ 8, ಮಂಗಳವಾರ

ಊಟ ಬಡಿಸುತ್ತಾ ಲೂರ್ದಮ್ಮ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. "ಈ ಖೋಖೋ ಪುರಾಣ ನಂಗಿನ್ನು ಸಾಕು. ಒಂದು ಪುಸ್ತಕ ತಗೊಂಡು ಬರ್ಕೊಂಡು ಕೂತ್ಕೊಳ್ಳಿ." ಮದುವೆಯಾದಾಗಿನಿಂದ ಕೇಳಿಸಿಕೊಂಡಿದ್ದಾಳೆ, ಅವಳ ತಪ್ಪಲ್ಲ. ಹಾಗಾಗಿ ಈ ಪುಸ್ತಕ. ಓದುವವರು ಯಾರೂ ಇಲ್ಲದಿರುವುದರಿಂದ ಎಷ್ಟು ಬೇಕಾದರೂ ಕೊಚ್ಚಿಕೊಳ್ಳಬಹುದು.

ಈ ವರ್ಷ ಜಿಲ್ಲಾ ಪಂದ್ಯಕ್ಕೆ ಕೋಲಾರ ಖಂಡಿತ. ನನ್ನ ತಂಡ, ಇನ್ನಾಸಪ್ಪ ಮೇಷ್ಟ್ರ ತಂಡ ಅಂದರೆ ತಾಲ್ಲೂಕು ಫೈನಲ್‌ವರೆಗೆ ಹೋಗಿ ಸೋತು ಬರುವ ತಂಡ ಅಂತ ಶ್ರೀನಿವಾಸಪುರದ ಪಿ.ಟಿ. ಮೇಷ್ಟ್ರುಗಳೆಲ್ಲ ನಗುತ್ತಾರೆ. ಈ ಸಲ ಅವರ ನಗು ನಿಲ್ಲುತ್ತದೆ. ನಮ್ಮ ಸಂತ ಅನ್ನಮ್ಮನವರ ಶಾಲೆಯಲ್ಲಿ ಇಂಥ ಹುಡುಗಿಯರು ಹಿಂದೆ ಬಂದಿಲ್ಲ. ಎಂಟನೇ ಕ್ಲಾಸಿನ ಮೌನಿಕಾ ಕ್ಯಾಪ್ಟನ್. ಉದ್ದ ಕಾಲು, ತಣ್ಣನೆ ತಲೆ. ಅಟ್ಟಿಸಿಕೊಂಡು ಬರುವವಳ ಕೈ ಬೆನ್ನಿಗೆ ತಾಗುವ ಹಾಗಿದ್ದರೂ ಅವಳ ಮುಖದಲ್ಲಿ ಗಾಬರಿ ಕಾಣುವುದಿಲ್ಲ. ಮಳೆ ಬಿಡುವು ಕೊಟ್ಟದ್ದರಿಂದ ಇವತ್ತು ಇಡೀ ಮೈದಾನಕ್ಕೆ ರೋಲರ್ ಎಳೆಸಿದೆ. ಸಂಜೆ ಬಿಸಿಲಿಗೆ ಅದು ಆಗ ತಾನೇ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಕಾಣುತ್ತಿತ್ತು. ಮನೆಗೆ ಬರುವ ಮನಸ್ಸೇ ಆಗಲಿಲ್ಲ.

ಜುಲೈ 14, ಸೋಮವಾರ

ನನ್ನ ಮೈದಾನ ಹೋಯಿತು.

ನಿನ್ನೆ ಭಾನುವಾರ ಸುರಿದ ಮಳೆಗೆ ನೇರಳೆಕುಂಟೆಯ ಸರ್ಕಾರಿ ಶಾಲೆಯ ಸೂರು ಕುಸಿದಿದೆ. ಹಳೇ ಕಟ್ಟಡ. ರಜೆಯಾದ್ದರಿಂದ ಒಳಗೆ ಯಾರೂ ಇರಲಿಲ್ಲ, ದೇವರ ದಯೆ. ಉಳಿದ ಕೋಣೆಗಳ ಗೋಡೆಯೂ ಬಿರುಕು ಬಿಟ್ಟಿದೆಯಂತೆ. ಸುದ್ದಿ ಕೇಳಿದ ಕೂಡಲೇ ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಅಮಲಾ ಆಟೋ ಹತ್ತಿ ಹೋದರು. ಮಧ್ಯಾಹ್ನ ಸೀರೆ ಅಂಚೆಲ್ಲ ಕೆಸರು ಮಾಡಿಕೊಂಡು ಬಂದು ಸ್ಟಾಫ್ ರೂಮಿನಲ್ಲಿ ನಿಂತೇ ಹೇಳಿದರು. "ಅವರ ಶಾಲೆ ರಿಪೇರಿ ಆಗೋವರೆಗೂ ಮಕ್ಕಳು ಇಲ್ಲೇ ಬರ್ತಾರೆ. ಅವರ ಮೇಡಂ ಹತ್ರ ಮಾತಾಡಿದ್ದೀನಿ, ಇಲಾಖೆಯೋರೂ ಒಪ್ಪಿದ್ದಾರೆ. ಚಿಕ್ಕ ಮಕ್ಕಳು ಚರ್ಚಿನ ಹಾಲ್‌ನಲ್ಲಿ, ನಡುವಿನವರು ಲೈಬ್ರರಿಯಲ್ಲಿ. ದೊಡ್ಡೋರಿಗೆ ಮೈದಾನದ ಅರ್ಧದಲ್ಲಿ ಶೀಟ್ ಹಾಕಿಸೋಣ."

ಮೈದಾನದ ಅರ್ಧ ಅಂದಾಗ ನಾನು ಎದ್ದು ನಿಂತೆ. ಬೇರೆಲ್ಲೂ ಜಾಗ ಇಲ್ಲವೇ ಎಂದು ಕೇಳಿದೆ. ಪಂದ್ಯ ಹತ್ತಿರ ಬರುತ್ತಿದೆ ಎಂದೆ. ಎಲ್ಲರನ್ನೂ ಇಲ್ಲಿಗೇ ಕರೆದರೆ ಎಲ್ಲಿ ಕೂರಿಸುವುದು ಎಂದೂ ಕೇಳಿದೆ.

"ಗೇಟಿನ ಮೇಲೆ ಎರಡೂ ಕೈ ಚಾಚಿರೋ ಯೇಸುಸ್ವಾಮಿನ ನಿಲ್ಸಿದ್ದೀವಿ ಮೇಷ್ಟ್ರೇ," ಅಂದರು. "ನಿಲ್ಸೋವಾಗ ಯೋಚ್ನೆ ಮಾಡ್ಬೇಕಿತ್ತು. ಈಗ ಬಂದೋರನ್ನ ಎಲ್ಲಿ ಕೂರಿಸೋದು ಅಂದ್ರೆ ಹೆಂಗೆ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಜುಲೈ 17, ಗುರುವಾರ

ಇವತ್ತು ನಾನೊಬ್ಬ ಹುಡುಗಿಯನ್ನು ನೋಡಿದೆ.

ಬೆಳಿಗ್ಗೆ ನೇರಳೆಕುಂಟೆಯ ಮಕ್ಕಳು ನಡೆದುಕೊಂಡೇ ಬಂದರು. ಮುಂದೆ ಅವರ ಹೆಡ್‌ಮೇಡಂ ಸುನಂದ, ಕೈಯಲ್ಲಿ ಗಂಟೆ. ಬಿದ್ದ ಶಾಲೆಯಿಂದ ಬಿಚ್ಚಿ ತಂದದ್ದಂತೆ. ಹಿಂದೆ ಒಂದು ಗೂಡ್ಸ್ ಆಟೋದಲ್ಲಿ ಬಿಸಿಯೂಟದ ಪಾತ್ರೆಗಳು, ಅಡುಗೆಯ ದೊಡ್ಡಗಂಗಮ್ಮ ಮತ್ತು ದಪ್ಪ ಹಾಸುಗಳ ದೊಡ್ಡ ಕಟ್ಟು. ಹಾಸುಗಳನ್ನು ತಂದವನು ಓಬೇದುಲ್ಲಾ, ನೇರಳೆಕುಂಟೆಯಲ್ಲಿ ಹತ್ತಿ ಬಿಡಿಸಿ ಹಾಸಿಗೆ ಹೊಲಿಯುವವನು. "ಹಾಲ್‌ದು ನೆಲ ತಣ್ಣಗಿರ್ತದೆ ಸಾರ್. ಚಿಕ್ಕ ಮಕ್ಳು, ಶೀತ ಆಗ್ತದೆ," ಅಂದು ಇಳಿಸಿಕೊಟ್ಟು ಹೋದ. ನಾನು ತಲೆಯಾಡಿಸಿದೆನೇ ಹೊರತು ಸರಿಯಾಗಿ ಮಾತಾಡಲಿಲ್ಲ.

ಊಟದ ಬಿಡುವಿನಲ್ಲಿ ಎಲ್ಲಿಂದಲೋ ಒಂದು ಮೇಕೆ ಒಳಗೆ ನುಗ್ಗಿತು. ನನ್ನ ಹುಡುಗಿಯರು ಅಭ್ಯಾಸಕ್ಕೆ ಸಾಲಾಗಿ ಕೂತಿದ್ದರು. ಮೇಕೆ ಅವರ ಮಧ್ಯೆ ನುಸುಳಿತು. ಅದರ ಹಿಂದೆ ಹಳ್ಳಿಯ ಒಬ್ಬಳು ಬರಿಗಾಲಲ್ಲಿ ಓಡಿಬಂದಳು. ಮೇಕೆ ಅತ್ತ ಹೊರಳಿದರೆ ಅವಳೂ ಅತ್ತ. ಕೂತವರಲ್ಲಿ ಯಾರ ಮೈಗೂ ಅವಳ ಲಂಗ ಸೋಕಲಿಲ್ಲ. ಕಂಬದ ಹತ್ತಿರ ಬಂದಾಗ ಒಂದು ಕೈಯಲ್ಲಿ ಕಂಬ ಹಿಡಿದು, ಮೈಯನ್ನು ನೆಲಕ್ಕೆ ಬಗ್ಗಿಸಿ, ವೇಗ ಒಂದಿಷ್ಟೂ ಕಡಿಮೆ ಮಾಡದೆ ತಿರುಗಿದಳು. ಅದನ್ನು ನಾನು ಎಷ್ಟೋ ಜನಕ್ಕೆ ಕಲಿಸಲು ಹೋಗಿ ಸೋತಿದ್ದೇನೆ. ಅವಳಿಗೆ ಯಾರೂ ಕಲಿಸಿಲ್ಲ. ಮೇಕೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ನಗುತ್ತಾ ಹೋದಳು.

ಹೆಸರು ತರನ್ನುಮ್. ಏಳನೇ ಕ್ಲಾಸು. ಓಬೇದುಲ್ಲಾನ ಮಗಳು.

ಟಿಫಿನ್ ಡಬ್ಬಿ ಹಾಗೆಯೇ ವಾಪಸ್ ಬಂತೆಂದು ಲೂರ್ದಮ್ಮ ಬೈದಳು. ಹಸಿವೇ ಆಗಿರಲಿಲ್ಲ.

ಜುಲೈ 19, ಶನಿವಾರ

ಆ ಹುಡುಗಿಯ ಹೆಸರನ್ನು ನಮ್ಮ ಶಾಲೆಗೆ ಬರೆಸಿಬಿಟ್ಟರೆ ಮುಗಿಯಿತು. ನೇರಳೆಕುಂಟೆಗೆ ಹೋಗಿ ಓಬೇದುಲ್ಲಾನನ್ನು ಕೇಳಿಯೂ ಬಂದೆ. ಅವನು ಹತ್ತಿ ಬಡಿಯುವುದನ್ನು ನಿಲ್ಲಿಸಿ, ಮೈಯೆಲ್ಲ ಬಿಳಿ ಧೂಳಿನಲ್ಲಿ ನನ್ನನ್ನೇ ನೋಡಿದ. "ಅವಳು ಬಂದ್ರೆ ಅವಳ ಜೊತೆಯೋರು?" ಅಂದ. "ಅವರು ಅವರ ಶಾಲೆಯಲ್ಲೇ ಇರ್ತಾರೆ," ಅಂದೆ. "ನೀವು ದೊಡ್ಡೋರು ಸಾರ್. ಸುನಂದ ಮೇಡಂನ ಒಂದು ಮಾತು ಕೇಳಿ," ಅಂದ.

ವಾಪಸ್ ಬಂದು ಸಿಸ್ಟರ್ ಎದುರಿಗೇ ಸುನಂದ ಮೇಡಂ ಅವರನ್ನು ಕೇಳಿದೆ. ಉತ್ತರ ಕೊಟ್ಟವರು ಸಿಸ್ಟರ್. "ನಾವು ಆ ಶಾಲೆಗೆ ಜಾಗ ಕೊಟ್ಟಿದ್ದೀವಿ ಮೇಷ್ಟ್ರೇ. ಅದರಿಂದ ಮಕ್ಕಳನ್ನ ತಗೊಳ್ಳೋಕಲ್ಲ. ಒಳ್ಳೇ ಓಟದೋಳನ್ನ ಇಟ್ಕೊಂಡು ಉಳಿದೋರನ್ನ ವಾಪಸ್ ಕಳ್ಸೋದಾದ್ರೆ ನಾವು ಅಂಗಡಿ ಇಡ್ಬೇಕಿತ್ತು."

ಹೊರಗೆ ಬಂದಾಗ ಸುನಂದ ಮೇಡಂ ಹಿಂದೆಯೇ ಬಂದರು. "ನಮ್ಮ ಶಾಲೇಲಿ ಪಿ.ಟಿ. ಮೇಷ್ಟ್ರು ಯಾವತ್ತೂ ಇರ್ಲಿಲ್ಲ ಸಾರ್. ಅವಳೊಬ್ಬಳೇ ಅಲ್ಲ, ಇನ್ನೂ ಇದ್ದಾರೆ ಹಂಗೇ ಓಡೋರು. ನೀವೇ ಹೇಳ್ಕೊಟ್ರೆ ಒಂದು ತಂಡ ಆಗುತ್ತೆ." ನೋಡೋಣ ಅಂದೆ. ನನ್ನ ತಂಡದ ಎದುರು ಆಡಲು ನಾನೇ ಒಂದು ತಂಡ ತಯಾರು ಮಾಡಬೇಕಂತೆ.

ಜುಲೈ 26, ಶನಿವಾರ

ಸಂಜೆ ಅರ್ಧ ಗಂಟೆ ನೇರಳೆಕುಂಟೆಯವರಿಗೆ ಕೊಡುತ್ತಿದ್ದೇನೆ. ಇದು ಅವರಿಗಾಗಿ ಅಲ್ಲ. ನಮ್ಮವರಿಗೆ ಎದುರು ಆಡಲು ಗಟ್ಟಿ ತಂಡ ಬೇಕಿತ್ತು, ಅಷ್ಟೆ.

ಆದರೆ ಏನು ಆಟ. ನಿಯಮ ಗೊತ್ತಿಲ್ಲ, ಸಾಲು ಗೊತ್ತಿಲ್ಲ. ಖೋ ಕೊಡುವ ಮೊದಲೇ ಎದ್ದು ಓಡುತ್ತಾರೆ. ತೆಲುಗಿನಲ್ಲಿ "ಪಟ್ಟುಕೋ, ಪಟ್ಟುಕೋ" ಅಂತ ಇಡೀ ತಂಡ ಕಿರುಚುತ್ತದೆ. ನಮ್ಮ ಹುಡುಗಿಯರು ಮೊದಲ ದಿನ ನಕ್ಕರು. ಈಗ ಹಿಡಿ ಅನ್ನುವುದನ್ನು ಮರೆತು ಅವರೂ ಪಟ್ಟುಕೋ ಅನ್ನುತ್ತಿದ್ದಾರೆ.

ಮೊನ್ನೆ ನಮ್ಮವಳೊಬ್ಬಳ ಶೂ ತರನ್ನುಮ್ ಕಾಲಿನ ಮೇಲೆ ಬಿದ್ದು ಉಗುರು ಕಿತ್ತುಬಂತು. ಅವಳು ಅಳಲಿಲ್ಲ, ಮಣ್ಣು ಮೆತ್ತಿಕೊಂಡು ಮತ್ತೆ ಕೂತಳು. ಮೌನಿಕಾ ಅವಳ ಕಾಲನ್ನೇ ನೋಡುತ್ತಿದ್ದಳು. ಮರುದಿನ ನಮ್ಮ ತಂಡದವರೆಲ್ಲ ಬರಿಗಾಲಲ್ಲಿ ಬಂದರು. ಶೂಗಳು ಗೋಡೆ ಪಕ್ಕ ಸಾಲಾಗಿ ಇದ್ದವು. "ಯಾರು ಹೇಳಿದ್ರು?" ಅಂದೆ. "ಯಾರೂ ಇಲ್ಲ ಸಾರ್. ಹಿಂಗೇ ಆಡ್ತೀವಿ," ಅಂದಳು ಮೌನಿಕಾ. ನಾನು ಮುಖ ತಿರುಗಿಸಿಕೊಂಡು ಸುಣ್ಣದ ಗೆರೆ ಸರಿ ಮಾಡಿದೆ.

ಹೇಳಲು ಮರೆತೆ. ಅರ್ಧ ಮೈದಾನ ಖೋಖೋಗೆ ಸಾಲುತ್ತದೆ. ಪೂರ್ತಿ ಮೈದಾನ ಯಾಕೆ ಬೇಕಿತ್ತೋ ಗೊತ್ತಿಲ್ಲ.

ಆಗಸ್ಟ್ 2, ಶನಿವಾರ

ಪೋಷಕರ ಸಭೆ.

ಮೌನಿಕಾಳ ಅಪ್ಪ ಕಾಂತರಾಜ್ ಮಾವಿನ ಮಂಡಿಯವರು. ಒಳ್ಳೇ ಮನುಷ್ಯ ಅಂತ ಇಡೀ ಊರು ಹೇಳುತ್ತದೆ. ಇವತ್ತು ಮೊದಲು ಎದ್ದವರು ಅವರೇ. "ಸಿಸ್ಟರ್, ನಮ್ಮ ಮಕ್ಳಿಗೆ ಒಳ್ಳೇದಾಗ್ಲಿ ಅಂತ ತಾನೇ ನಾವು ಇಲ್ಲಿ ಸೇರ್ಸಿರೋದು. ಲೈಬ್ರರಿ ಇಲ್ಲ, ಗ್ರೌಂಡಿಲ್ಲ. ನಿನ್ನೆ ನನ್ನ ಮಗಳು ಡಬ್ಬಿ ವಾಪಸ್ ತಂದಿದ್ದಾಳೆ. ಏನಮ್ಮಾ ಅಂದ್ರೆ ದೊಡ್ಡಗಂಗಮ್ಮನ ಸಾಂಬಾರ್ ತಿಂದೆ ಅಂತಾಳೆ. ಏನಿದು?" ಹಿಂದಿನಿಂದ ಹಲವರು ಹೌದು ಹೌದು ಅಂದರು. ಅವರನ್ನು ಕಳಿಸಿ, ಇಲ್ಲದಿದ್ದರೆ ನಮ್ಮ ಮಕ್ಕಳ ಟಿ.ಸಿ. ಕೊಡಿ ಅಂತ ಒಬ್ಬರು ಕೂಗಿದರು.

ಸಿಸ್ಟರ್ ಮಾತನಾಡಲು ಎದ್ದಾಗ ಕಾಂತರಾಜ್ ನನ್ನ ಕಡೆ ಕೈ ತೋರಿಸಿದರು. "ಪಿ.ಟಿ. ಮೇಷ್ಟ್ರನ್ನೇ ಕೇಳಿ. ಅರ್ಧ ಗ್ರೌಂಡು ಹೋಗಿ ಅವರ ಟೀಮೇ ಹಾಳಾಗಿರ್ತದೆ. ಹೇಳಿ ಸಾರ್, ಹೆದರ್ಕೋಬೇಡಿ."

ನಾನು ಎದ್ದೆ. ಹೌದು ಅನ್ನಲು ಎಲ್ಲ ಕಾರಣಗಳೂ ನನ್ನ ಬಾಯಲ್ಲೇ ಇದ್ದವು, ಜುಲೈಯಲ್ಲಿ ಸ್ಟಾಫ್ ರೂಮಿನಲ್ಲಿ ಹೇಳಿದವೇ. ಆದರೆ ಬಾಯಿಂದ ಬಂದದ್ದು ಬೇರೆ. "ಟೀಮ್ ಹಾಳಾಗಿಲ್ಲ. ನಮ್ಮ ಹುಡುಗೀರು ಇಷ್ಟು ಚೆನ್ನಾಗಿ ಯಾವತ್ತೂ ಆಡಿಲ್ಲ. ಅವರಿಂದಲೇ." ಆಮೇಲೆ ಇನ್ನೂ ಏನೋ ಹೇಳಿದೆ. ಬರಿಗಾಲಿನ ವಿಷಯ ಇರಬೇಕು.

ಸಿಸ್ಟರ್ ಹೆಚ್ಚು ಮಾತಾಡಲಿಲ್ಲ. ಸೂರು ಆಗುವವರೆಗೂ ಆ ಮಕ್ಕಳು ಇಲ್ಲೇ ಇರುತ್ತಾರೆ, ಟಿ.ಸಿ. ಬೇಕಾದವರಿಗೆ ಬೇಸರವಿಲ್ಲದೆ ಕೊಡುತ್ತೇನೆ ಅಂದರು. ದನಿ ಏರಿಸಲಿಲ್ಲ. ಕಾಂತರಾಜ್ ಎದ್ದು ನನ್ನ ಹತ್ತಿರ ಬಂದು, "ಸೋಮವಾರದಿಂದ ಮೌನಿಕಾ ಪ್ರಾಕ್ಟೀಸ್‌ಗೆ ಬರಲ್ಲ ಸಾರ್," ಅಂತ ಹೇಳಿ ಹೋದರು.

ಆಗಸ್ಟ್ 6, ಬುಧವಾರ

ಕ್ಯಾಪ್ಟನ್ ಇಲ್ಲ. ಸಾಲಿನಲ್ಲಿ ಅವಳ ಜಾಗ ಖಾಲಿ ಬಿಟ್ಟೇ ಆಡಿಸಿದೆ. ಸರಿ ಬರಲಿಲ್ಲ.

ಆಗಸ್ಟ್ 7, ಗುರುವಾರ

ಇವತ್ತೂ ಇಲ್ಲ. ಶಾಲೆ ಬಿಟ್ಟ ಮೇಲೆ ಅಪ್ಪನ ಕಾರು ಬರುವವರೆಗೆ ಗೇಟಿನ ಹತ್ತಿರ ನಿಂತಿರುತ್ತಾಳೆ. ನಾವು ಆಡುವ ಕಡೆ ನೋಡುವುದಿಲ್ಲ. ತರನ್ನುಮ್ ಓಡುತ್ತಾ ಓಡುತ್ತಾ ಅತ್ತಲೇ ನೋಡಿ ಎರಡು ಸಲ ಔಟಾದಳು.

ಆಗಸ್ಟ್ 9, ಶನಿವಾರ

"ಇಲ್ಲಿ ಕೂತು ಬರ್ಕೊಂಡ್ರೆ ಆ ಹುಡುಗಿ ಬರ್ತಾಳಾ? ಹೋಗಿ ಮಾತಾಡಿ," ಅಂತ ಲೂರ್ದಮ್ಮ ನೂಕಿದಳು. ಬೆಳಿಗ್ಗೆಯೇ ಮಂಡಿಗೆ ಹೋದೆ. ಸುಗ್ಗಿ ಮುಗಿದಿದೆ. ಮೂಲೆಯಲ್ಲಿ ಕೊನೆಯ ನೀಲಂ ಮಾವಿನ ಒಂದಷ್ಟು ಕ್ರೇಟ್, ಉಳಿದಂತೆ ಬರೀ ಹುಲ್ಲು, ಹುಳಿ ವಾಸನೆ. ಕಾಂತರಾಜ್ ಕುರ್ಚಿ ಹಾಕಿಸಿ ಟೀ ತರಿಸಿದರು.

ಬೇಡಿಕೊಳ್ಳಬಾರದು ಅಂದುಕೊಂಡೇ ಹೋಗಿದ್ದೆ. ಅದರ ಅಗತ್ಯ ಬರಲಿಲ್ಲ, ಅವರೇ ಶುರು ಮಾಡಿದರು. "ನಾನು ಓದಿದ್ದೂ ಅದೇ ನೇರಳೆಕುಂಟೆ ಶಾಲೇಲಿ ಸಾರ್. ಗೊತ್ತಾ? ಮಳೆ ಬಂದ್ರೆ ಸ್ಲೇಟ್ ತಲೆ ಮೇಲೆ ಇಟ್ಕೊಂಡು ಕೂತಿದ್ದೋನು ನಾನು. ನನ್ನ ಮಗಳು ಅದನ್ನ ನೋಡ್ಬಾರ್ದು ಅಂತಲೇ ಇಷ್ಟು ಒದ್ದಾಡಿದ್ದು. ಈಗ ನೋಡಿದ್ರೆ ಆ ಶಾಲೆ ನನ್ನ ಹಿಂದೇನೇ ನಡ್ಕೊಂಡು ಇಲ್ಲಿಗೆ ಬಂದಿದೆ."

ಟೀ ಕುಡಿದೆ. ಕೊನೆಗೆ ಹೇಳಿದೆ, "ಮೌನಿಕಾ ಅದನ್ನ ನೋಡಿದ್ದಾಳೆ ಸಾರ್. ಹೆದರಿಲ್ಲ. ಪಕ್ಕದಲ್ಲಿ ಹೋಗಿ ಕೂತಳು. ನೀವು ಬೆಳೆಸಿರೋ ರೀತಿ ಅದು."

ಹೊರಡುವಾಗ ಒಂದು ಚೀಲ ನೀಲಂ ಹಣ್ಣು ಕೊಟ್ಟರು. ಅದನ್ನು ಒಳ್ಳೆಯ ಲಕ್ಷಣ ಅನ್ನಬೇಕೋ ಬೇಡವೋ.

ಆಗಸ್ಟ್ 15, ಶುಕ್ರವಾರ

ಎರಡು ಶಾಲೆ, ಒಂದೇ ಬಾವುಟ. ಬೆಳಿಗ್ಗೆ ಸುನಂದ ಮೇಡಂ ಹಗ್ಗ ಎಳೆಯಲು ಸಿಸ್ಟರ್‌ಗೆ ಕೊಟ್ಟರು, ಸಿಸ್ಟರ್ ಮೇಡಂಗೆ ಕೊಟ್ಟರು. ನೀವು ನೀವು ಅನ್ನುತ್ತಾ ಕೊನೆಗೆ ಇಬ್ಬರೂ ಸೇರಿ ಎಳೆದರು. ಬಾವುಟ ಗಂಟು ಬಿಚ್ಚಿಕೊಳ್ಳದೆ ಕಾಡಿಸಿ, ಆಮೇಲೆ ಒಮ್ಮೆಲೇ ಹೂವು ಸುರಿಸಿತು.

ಹೆಂಡತಿ ಮಗಳೊಂದಿಗೆ ಕಾಂತರಾಜ್ ಬಂದು ಹಿಂದೆ ನಿಂತಿದ್ದರು. ಓಬೇದುಲ್ಲಾ ಅವರನ್ನು ನೋಡಿ ನೇರವಾಗಿ ಹೋದ. ನನಗೆ ಭಯವಾಗಿ ಹತ್ತಿರ ಸರಿದೆ.

"ಏನ್ಲಾ ಕಾಂತ," ಅಂದ ಓಬೇದುಲ್ಲಾ. ಮಂಡಿ ಮಾಲೀಕರನ್ನು ಹಾಗೆ ಕರೆಯುವವರು ಈ ಊರಲ್ಲಿ ಇನ್ನಾರೂ ಇಲ್ಲ. "ನಮ್ದು ಸ್ಕೂಲ್ ಬಿತ್ತು. ನೀನು ನೋಡಕ್ಕೂ ಬರ್ಲಿಲ್ಲ."

ಕಾಂತರಾಜ್ ನೆಲ ನೋಡಿದರು. "ಕೆಲ್ಸ ಇತ್ತು ಕಣೋ," ಅಂದರು.

"ಮೂರ್ನೇ ಕ್ಲಾಸ್ ಗೋಡೆ ಇನ್ನೂ ನಿಂತದೆ. ನಾವು ಕೂರ್ತಿದ್ದ ಜಾಗ. ಬಾ ಒಂದ್ಸಲ, ಬೀಳೋಕೆ ಮುಂಚೆ ನೋಡ್ಕೊಂಡು ಬರೋಣ."

ಇಬ್ಬರೂ ಗೂಡ್ಸ್ ಆಟೋದಲ್ಲೇ ಹೋದರು. ಕಾರು ಗೇಟಿನ ಹೊರಗೆ ನಿಂತೇ ಇತ್ತು. ಮೌನಿಕಾ ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು. ಆಮೇಲೆ ಗೋಡೆಯ ಹತ್ತಿರ ಹೋಗಿ ಶೂ ಬಿಚ್ಚಿದಳು.

ಆಗಸ್ಟ್ 23, ಶನಿವಾರ

ಗೆದ್ದೆವು. ಗೆದ್ದೆವು. ಹೋಬಳಿ ಮಟ್ಟದಲ್ಲಿ ನಮ್ಮ ಮೌನಿಕಾಳ ತಂಡ ಪಟ್ಟಣದ ಕಸಬಾ ಹೋಬಳಿಗೇ ಮೊದಲು. ನೇರಳೆಕುಂಟೆ ಬೇರೆ ಹೋಬಳಿಯಾದ್ದರಿಂದ ಅವರ ಪಂದ್ಯ ರೋಣೂರಿನಲ್ಲಿ. ನಮ್ಮದು ಮುಗಿಯುತ್ತಲೇ ಬೈಕಿನಲ್ಲಿ ಹಾರಿಕೊಂಡು ಹೋದೆ. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುನಂದ ಮೇಡಂ ಕಪ್ ಅನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದರು, ಯಾರಾದರೂ ಕಿತ್ತುಕೊಂಡಾರು ಅನ್ನುವ ಹಾಗೆ. "ಸಾರ್, ಇದನ್ನ ಎಲ್ಲಿಡೋದು? ನಮ್ಮ ಶಾಲೇಲಿ ಕಪ್ ಇಡೋ ಬೀರು ಇಲ್ಲ," ಅಂದರು. ಹೌದಲ್ಲ, ಬೀರು ಇರಲಿ, ಗೋಡೆಯೂ ಇಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕಪ್ ಈಗ ನಮ್ಮ ಬೀರುವಿನಲ್ಲಿದೆ.

ಸೆಪ್ಟೆಂಬರ್ 8, ಸೋಮವಾರ

ಮಾತೆ ಮರಿಯಮ್ಮನ ಹುಟ್ಟುಹಬ್ಬ. ಒಂಬತ್ತು ದಿನದ ಪ್ರಾರ್ಥನೆ ಇವತ್ತಿಗೆ ಮುಗಿಯಿತು. ಚರ್ಚಿನ ಹಾಲ್‌ನಿಂದ ಚಿಕ್ಕ ಮಕ್ಕಳ ಮಗ್ಗಿ ಕೇಳಿಸುತ್ತಿರುವಾಗಲೇ ಮಧ್ಯಾಹ್ನದ ಪ್ರಾರ್ಥನೆ ನಡೆಯುತ್ತಿತ್ತು. ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಈಗ ಮಗ್ಗಿ ನಿಂತರೆ ಏನಾಯಿತೋ ಅಂತ ತಿರುಗಿ ನೋಡುತ್ತೇನೆ.

ಬುಧವಾರ ತಾಲ್ಲೂಕು ಪಂದ್ಯ. ಪಟ್ಟಿ ಬಂದಿದೆ. ಎರಡು ತಂಡಗಳೂ ಬೇರೆ ಬೇರೆ ಗುಂಪಿನಲ್ಲಿವೆ. ಅಂದರೆ ಇಬ್ಬರೂ ಗೆಲ್ಲುತ್ತಾ ಹೋದರೆ ಸಿಗುವುದು ಫೈನಲ್‌ನಲ್ಲಿ. ಮೇಣದ ಬತ್ತಿ ಹಚ್ಚುವಾಗ ಲೂರ್ದಮ್ಮ ಕಿವಿಯಲ್ಲಿ ಕೇಳಿದಳು. "ಯಾರು ಗೆಲ್ಲಲಿ ಅಂತ ಕೇಳ್ಕೊಂಡ್ರಿ?" ಯಾರಿಗೂ ಕಾಲು ಉಳುಕದಿರಲಿ ಅಂತ ಕೇಳಿಕೊಂಡೆ ಅಂದೆ. ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಯಾಕೋ.

ಸೆಪ್ಟೆಂಬರ್ 10, ಬುಧವಾರ

ಎಲ್ಲವನ್ನೂ ಬರೆಯಬೇಕು, ಒಂದೂ ಬಿಡಬಾರದು.

ಫೈನಲ್‌ಗೆ ಬಂದವರು ಸಂತ ಅನ್ನಮ್ಮನವರ ಶಾಲೆ ಮತ್ತು ನೇರಳೆಕುಂಟೆ ಸರ್ಕಾರಿ ಶಾಲೆ. ಮೈದಾನದ ಸುತ್ತ ಜನ ಕಿಕ್ಕಿರಿದಿದ್ದರು. ಬೇರೆ ಶಾಲೆಗಳ ಪಿ.ಟಿ. ಮೇಷ್ಟ್ರುಗಳು ನನ್ನ ಬೆನ್ನು ತಟ್ಟಿ, "ಇನ್ನಾಸಪ್ಪನೋರೇ, ಈ ಸಲನಾದ್ರೂ ಫೈನಲ್ ಗೆಲ್ತೀರಿ ಬಿಡಿ," ಅಂತ ನಕ್ಕರು. ರೆಫರಿ ಮುನಿರಾಮಪ್ಪ ಬಂದು ಕೇಳಿದ. "ಸಾರ್, ಕೋಚ್ ಒಂದು ಬೆಂಚಿನಲ್ಲೇ ಕೂರ್ಬೇಕು. ನೀವ್ಯಾವ ಕಡೆ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಸಂಬಳ ಕೊಡುವುದು ಸಂತ ಅನ್ನಮ್ಮನವರ ಶಾಲೆ. ಅತ್ತ ಸುನಂದ ಮೇಡಂ ಒಬ್ಬರೇ ನೀರಿನ ಕ್ಯಾನ್ ಹಿಡಿದು ನಿಂತಿದ್ದರು. ಸಿಸ್ಟರ್ ಅಮಲಾ ಕಡೆ ನೋಡಿದೆ. ಅವರು ಜಪಮಾಲೆ ತೆಗೆದು ಬೇರೆ ಕಡೆ ನೋಡಿದರು.

ಮೌನಿಕಾ ಜಡೆ ಬಿಗಿದುಕೊಳ್ಳುತ್ತಾ ಹತ್ತಿರ ಬಂದಳು. "ಸಾರ್, ನೀವು ಅಲ್ಲಿ ಕೂತ್ಕೊಳ್ಳಿ."

"ಮತ್ತೆ ನೀವು?"

"ನೀವು ಏನು ಹೇಳ್ತೀರಾ ಅಂತ ನಮಗೆ ಬಾಯಿಪಾಠ ಆಗಿದೆ. ಅವರಿಗೆ ಯಾರೂ ಇಲ್ಲ." ತಿರುಗಿ ತಂಡವನ್ನು ಕೇಳಿದಳು. "ಏನ್ರೇ?" ಎಲ್ಲರೂ ತಲೆಯಾಡಿಸಿದರು. ಒಬ್ಬಳು ಮಾತ್ರ ಮುಖ ಊದಿಸಿಕೊಂಡಿದ್ದಳು. ಅವಳೂ ಆಮೇಲೆ ಹೂಂ ಅಂದಳು.

ನಾನು ಮೈದಾನ ದಾಟಿ ಆ ಬೆಂಚಿಗೆ ಹೋದೆ. ಜನ ಏನೋ ಕೂಗಿದರು, ಕೇಳಿಸಲಿಲ್ಲ.

ಆಟ ಎಂದರೆ ಆಟ. ಒಂದು ಸರದಿಯಲ್ಲಿ ನಾವು, ಅಂದರೆ ನೇರಳೆಕುಂಟೆ, ಮುಂದೆ ಹೋದರೆ ಮುಂದಿನದರಲ್ಲಿ ಅವರು. ಕೊನೆಯ ಸರದಿ ಬಂದಾಗ ಅಂಕ ಸಮ ಮಾಡಿಕೊಂಡು ಅಟ್ಟುತ್ತಿದ್ದವರು ನಾವು. ಎದುರು ಉಳಿದವಳು ಮೌನಿಕಾ ಒಬ್ಬಳೇ. ಯಾರದೋ ಕಾಲಿಗೆ ಪಟ್ಟಿ ಕಟ್ಟಲು ಆಟ ನಿಂತಿತು. ತರನ್ನುಮ್ ಓಡಿಬಂದು ಮೊಣಕಾಲೂರಿ ಕೇಳಿದಳು. "ಸಾರ್, ಮೌನಿಕಕ್ಕ ಹೆಂಗೆ ಸಿಗ್ತಾಳೆ?"

ಗೊತ್ತು. ಕಂಬದ ಹತ್ತಿರ ಬಂದರೆ ಮೌನಿಕಾ ಎಡಕ್ಕೇ ತಿರುಗುತ್ತಾಳೆ. ಎರಡು ವರ್ಷದಿಂದ ತಿದ್ದಲು ನೋಡುತ್ತಿದ್ದೇನೆ, ಆಗಿಲ್ಲ. ಇದನ್ನು ನಾನೇ ಹೇಳಿಕೊಡಬೇಕೇ? ಹೇಳದಿದ್ದರೆ ಈ ಬೆಂಚಿನಲ್ಲಿ ಕೂತದ್ದು ಸುಳ್ಳಾಗುತ್ತದೆ. "ಎಡಕ್ಕೆ," ಅಂದೆ. "ಕಂಬದ ಹತ್ರ ಎಡಕ್ಕೆ ತಿರುಗ್ತಾಳೆ."

ಮತ್ತೆ ಶುರುವಾಯಿತು. ತರನ್ನುಮ್ ಮೌನಿಕಾಳನ್ನು ಕಂಬದವರೆಗೆ ಅಟ್ಟಿಕೊಂಡು ಹೋಗಿ ಎಡಕ್ಕೆ ಕೈ ಬೀಸಿದಳು. ಮೌನಿಕಾ ಬಲಕ್ಕೆ ತಿರುಗಿದಳು. ಜನ್ಮದಲ್ಲಿ ಮೊದಲ ಸಲ. ತರನ್ನುಮ್ ಕೈಗೆ ಗಾಳಿ ಸಿಕ್ಕಿತು. ಇಡೀ ಮೈದಾನ ಹೋ ಅಂದಿತು, ನಾನೂ ಎದ್ದು ಹೋ ಅಂದೆ. ಖೋ, ಖೋ, ಮತ್ತೊಂದು ಖೋ. ಪಟ್ಟುಕೋ ಅಂತ ಎರಡೂ ಕಡೆಯಿಂದ ಕೂಗು. ಮುನಿರಾಮಪ್ಪ ಗಡಿಯಾರ ನೋಡುತ್ತಾ ಪೀಪಿಯನ್ನು ಬಾಯಿಗಿಟ್ಟ. ಆಗ ಸಾಲಿನ ಕೊನೆಯಲ್ಲಿದ್ದ ತರನ್ನುಮ್‌ಗೆ ಮತ್ತೆ ಖೋ ಸಿಕ್ಕಿತು. ಎದ್ದವಳು ಓಡಲಿಲ್ಲ, ಹಾರಿದಳು. ಎದೆ ಮಣ್ಣಿಗೆ ಬಿತ್ತು, ಬೆರಳ ತುದಿ ಮೌನಿಕಾಳ ಹಿಮ್ಮಡಿಗೆ ತಾಗಿತು.

ಒಂದು ಅಂಕದಿಂದ ಗೆದ್ದೆವು. ಮೌನಿಕಾ ಬಗ್ಗಿ ತರನ್ನುಮ್‌ಳನ್ನು ಎಬ್ಬಿಸಿದಳು. ಇಬ್ಬರ ಹಲ್ಲಿನಲ್ಲೂ ಮಣ್ಣು.

ಆಮೇಲೆ ಮೌನಿಕಾ ನನ್ನ ಮುಂದೆ ಬಂದು ನಿಂತು ಕೇಳಿದಳು. "ಎಡಕ್ಕೆ ಅಂತ ಹೇಳ್ಕೊಟ್ರಿ ತಾನೇ ಸಾರ್?"

"ಹೇಳ್ಕೊಟ್ಟೆ ಕಣಮ್ಮ."

"ಹೇಳ್ತೀರಾ ಅಂತ ಗೊತ್ತಿತ್ತು. ಅದಕ್ಕೇ ಬಲಕ್ಕೆ ತಿರುಗ್ದೆ." ನಗಲು ಹೋದವಳು ಅತ್ತುಬಿಟ್ಟಳು. ಅವಳ ತಂಡವೂ ಅತ್ತಿತು. ಅವರು ಕೋಲಾರಕ್ಕೆ ಹೋಗುವಂತಿಲ್ಲ. ಕಾಂತರಾಜ್ ಬಂದು ಮಗಳ ತಲೆಯನ್ನು ಎದೆಗೊತ್ತಿಕೊಂಡು ನಿಂತರು. ಇನ್ನೊಂದು ಕೈ ಓಬೇದುಲ್ಲಾನ ಹೆಗಲ ಮೇಲಿತ್ತು.

ಇಷ್ಟು ಬರೆದ ಮೇಲೂ ನಿದ್ದೆ ಬರುತ್ತಿಲ್ಲ. ಕೋಲಾರಕ್ಕೆ ಹೋಗುತ್ತಿದ್ದೇವೆ.

ಸೆಪ್ಟೆಂಬರ್ 18, ಗುರುವಾರ

ಕೋಲಾರ. ಕೈ ಸೋತಿದೆ, ನಾಲ್ಕೇ ಸಾಲು. ಮಾಲೂರನ್ನು ಸೋಲಿಸಿದೆವು. ಕಾಂತರಾಜ್ ಮಂಡಿಯ ಲಾರಿಯಲ್ಲಿ ಸಂತ ಅನ್ನಮ್ಮನವರ ಹುಡುಗಿಯರೆಲ್ಲ ಬಂದಿಳಿದರು, ಮೌನಿಕಾ ಮುಂದೆ, ದೊಡ್ಡಗಂಗಮ್ಮನೂ ಇದ್ದಳು. ಫೈನಲ್‌ನಲ್ಲಿ ಮುಳಬಾಗಿಲಿನ ಎದುರು ಸೋತೆವು. ಅವರು ಚೆನ್ನಾಗಿ ಆಡಿದರು. ಮೌನಿಕಾ ಹಗ್ಗ ದಾಟಿ ಬಂದು ನಮ್ಮ ಸಾಲಿನಲ್ಲಿ ಮಣ್ಣಲ್ಲೇ ಕೂತುಕೊಂಡಳು. ಅವಳ ಹಿಂದೆ ಉಳಿದವರು. ಫೋಟೋದವನು ಯಾವ ಶಾಲೆ ಅಂತ ಕೇಳಿದಾಗ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಅವನು ತಲೆ ಕೆರೆದುಕೊಂಡ.

ಬರುವಾಗ ಲಾರಿಯಲ್ಲೇ ಬಂದೆ. ಕಿರುಚಿ ಕಿರುಚಿ ನನ್ನ ದನಿ ಪೂರ್ತಿ ಹೋಗಿದೆ.

ಸೆಪ್ಟೆಂಬರ್ 21, ಭಾನುವಾರ

ದನಿ ಇನ್ನೂ ಬಂದಿಲ್ಲ. ಪೂಜೆಯಲ್ಲಿ ಹಾಡುವವರ ಸಾಲಿನಲ್ಲಿ ನಿಂತು ಬರೀ ತುಟಿ ಆಡಿಸಿದೆ. ಲೂರ್ದಮ್ಮ ಇಡೀ ಮನೆಗೆ ಹಬ್ಬ ಬಂದ ಹಾಗೆ ಖುಷಿಯಾಗಿದ್ದಾಳೆ.

ನೇರಳೆಕುಂಟೆಯ ಸೂರಿಗೆ ಕಾಂತರಾಜ್ ಮರ ಕೊಡಿಸುತ್ತಿದ್ದಾರಂತೆ. ಇಲಾಖೆಯ ಎಂಜಿನಿಯರ್ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳು ತಮ್ಮ ಶಾಲೆಗೆ ಹೋಗಬಹುದು ಅಂತ ಸಿಸ್ಟರ್ ಹೇಳಿದರು. "ಆಗ ನಿಮ್ಮ ಮೈದಾನ ಪೂರ್ತಿ ನಿಮಗೇ ಮೇಷ್ಟ್ರೇ," ಅಂದರು. ಅಷ್ಟು ಬೇಗ ಯಾಕೆ, ಮರ ಒಣಗಬೇಕಲ್ಲ, ಅಂತ ಸನ್ನೆ ಮಾಡಿದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ನಗುತ್ತಾ ಒಳಗೆ ಹೋದರು.

ದಸರೆ ರಜೆ ಶುರುವಾಗಿದೆ. ಶಾಲೆಯಲ್ಲಿ ಯಾರೂ ಇರಬಾರದು. ಆದರೆ ಚರ್ಚಿನ ಮೆಟ್ಟಿಲಿಳಿಯುವಾಗ ಮೈದಾನದ ಕಡೆಯಿಂದ ಗಲಾಟೆ ಕೇಳಿಸಿತು. ತಗಡಿನ ಶೆಡ್ ದಾಟಿ ಹೋಗಿ ನೋಡಿದೆ. ನೇರಳೆಕುಂಟೆಯಿಂದ ತರನ್ನುಮ್ ಮತ್ತವಳ ತಂಡ ನಡೆದು ಬಂದಿದೆ. ಪಟ್ಟಣದ ಮನೆಗಳಿಂದ ಮೌನಿಕಾಳ ತಂಡ. ಯಾರು ಯಾರ ಕಡೆ ಅಂತ ಜಗಳ ನಡೆಯುತ್ತಿತ್ತು. ಎರಡೂ ತಂಡಗಳನ್ನು ಕಲಸಿ ಹೊಸದಾಗಿ ಹಂಚಿಕೊಳ್ಳಬೇಕೆಂದು ಮೌನಿಕಾ, ಹಾಗಾದರೆ ನೀನು ನನ್ನ ಕಡೆ ಬರಬೇಕೆಂದು ತರನ್ನುಮ್.

ನನ್ನನ್ನು ನೋಡಿ ಎಲ್ಲರೂ ಸುಮ್ಮನಾದರು. "ಸಾರ್, ಮುಂದಿನ ವರ್ಷಕ್ಕೆ ಈಗಿಂದಲೇ ಶುರು ಮಾಡಿದ್ದೀವಿ," ಅಂದಳು ತರನ್ನುಮ್. "ಬೈಬೇಡಿ."

ಇವತ್ತು ಭಾನುವಾರ, ರಜೆ, ಮನೆಗೆ ಹೋಗಿ, ಊಟ ಮಾಡಿದ್ದೀರಾ, ಇಷ್ಟು ದೂರ ಬಿಸಿಲಲ್ಲಿ ನಡೆದು ಬಂದಿರಾ ಅಂತ ಕೇಳಬೇಕೆಂದು ಬಾಯಿ ತೆರೆದೆ. ಗಂಟಲಿನಿಂದ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಅವರು ಕಾದು ನಿಂತಿದ್ದರು.

ಚರ್ಚಿಗೆ ಹಾಕಿಕೊಂಡ ಬಿಳಿ ಅಂಗಿಯ ತೋಳು ಮಡಚಿದೆ. ಚಪ್ಪಲಿ ಬಿಚ್ಚಿ ಗೋಡೆ ಪಕ್ಕ ಇಟ್ಟೆ. ಜೇಬಿನಿಂದ ಪೀಪಿ ತೆಗೆದು ಊದಿದೆ.